ನಂಬಲಾರೆ, ನಂಬುವುದಿಲ್ಲ

ಫ್ರೇಜರ್‌ಬರ್ಗ್ ಬಂದರು, ಐಸ್ ಕಾರ್ಖಾನೆಯ ಮೇಲಿನ ಮಹಡಿ,
ಮಂಗಳವಾರ, ಸಂಜೆ ಏಳು.
ಕೆಳಗೆ ಯಂತ್ರ ಗುರುಗುಟ್ಟುತ್ತದೆ.
ನನ್ನ ಸೀಮೆಸುಣ್ಣ ನಡುಗುವುದು ಅದಕ್ಕೇ,
ವಯಸ್ಸಿಗಲ್ಲ ಎಂದರೆ
ಇಲ್ಲಿ ಯಾರೂ ನಂಬುವುದಿಲ್ಲ.

ಇವತ್ತಿನ ಪಾಠವೂ ಅದೇ:
ನಂಬದಿರುವುದು ಹೇಗೆ, ಇಂಗ್ಲಿಷಿನಲ್ಲಿ,
ಬರವಣಿಗೆಯಲ್ಲಿ, ತಪ್ಪಿಲ್ಲದೆ.

ಒಂಬತ್ತು ಜನ. ಮೀನು ಸೀಳುವವರು, ಬಲೆ ಹೊಲಿಯುವವರು,
ಘಾನಾದ ಕ್ವೇಕು, ಯಾವಾಗಲೂ ಒಂದಾದರೂ ಬೆರಳಿಗೆ ಬ್ಯಾಂಡೇಜು.
ಹಿಂದಿನ ಬೆಂಚಿನಲ್ಲಿ ಲಾಟ್ವಿಯಾದ ವೆಲ್ಗಾ,
ಕೋಟು ಬಿಚ್ಚದೆ.

'ಯು ಮಸ್ಟ್ ಬಿ ಜೋಕಿಂಗ್'
ಗೆಳೆಯರಿಗಾದರೆ ಸರಿ, ಬ್ಯಾಂಕಿಗೆ ಬರೆಯಬೇಡಿ.
'ಹಂದಿಗಳು ಹಾರಿಯಾವು' ಎಂದದ್ದಕ್ಕೆ
ಕ್ವೇಕು ಕಿಟಕಿಯಾಚೆ ನೋಡಿ
ಈ ಊರ ಗಾಳಿಗೆ ಅದೇನು ದೊಡ್ಡದಲ್ಲ ಎಂದ.
'ಮೈ ಫುಟ್' ಎಂದರೆ ನನ್ನ ಪಾದ.
ಪಾದ ಯಾಕೆ? ಮೂವತ್ತೊಂದು ವರ್ಷ ಕಲಿಸಿದ್ದೇನೆ, ಗೊತ್ತಿಲ್ಲ.
'ಇನ್ನೊಂದು ಕಾಲೆಳೆ, ಅದಕ್ಕೆ ಗೆಜ್ಜೆ ಕಟ್ಟಿದೆ,'
ಇದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ.

ಆಮೇಲೆ ನಮ್ಮೂರಿನದು: 'ಆಯ್, ರೈಟ್.'
ಹೌದು, ಸರಿ. ಎರಡು ಒಪ್ಪಿಗೆ ಸೇರಿ ಒಂದು 'ಹೋಗೋ'.
ನನ್ನಮ್ಮ ಅದನ್ನು ಹುಬ್ಬಿನಲ್ಲೇ ಹೇಳುತ್ತಿದ್ದಳು.
ಬರೆಯಲು ಮಾತ್ರ ಹೋಗಬೇಡಿ,
ಕಾಗದಕ್ಕೆ ಹುಬ್ಬಿಲ್ಲ.
ಓದಿದವನು ಒಪ್ಪಿದಿರೆಂದೇ ತಿಳಿದು
ಸಹಿ ಎಲ್ಲಿ ಎನ್ನುತ್ತಾನೆ.
ಪ್ರತಿ ವರ್ಷ ಈ ಮಾತಿಗೆ ನಗುತ್ತಾರೆ. ನಕ್ಕರು.
ಒಬ್ಬಳು ಬಿಟ್ಟು.

ಕೊನೆಗೆ ಕಷ್ಟದ್ದು. ಒಂದರ ಕೆಳಗೊಂದು ಬರೆದೆ:
ಐ ಕಾಂಟ್ ಬಿಲೀವ್.
ಐ ಡೋಂಟ್ ಬಿಲೀವ್.
ಬಾಯಲ್ಲಿ ಎರಡೂ ಒಂದೇ, ಸಿಡಿಲು ಬಡಿದಾಗ
ವ್ಯಾಕರಣ ಯಾರು ನೋಡುತ್ತಾರೆ.
ಕಾಗದದ ಮೇಲೆ ಬೇರೆ.
ನಂಬಲಾರೆ ಎಂದರೆ ಆಗಿಹೋಗಿದೆ,
ಒಳಗೆ ಬಂದು ನಿಂತಿದೆ,
ಕೂರು ಎನ್ನಲು ನಿಮಗೆ ಬಾಯಿ ಬರುತ್ತಿಲ್ಲ, ಅಷ್ಟೆ.
ನಂಬುವುದಿಲ್ಲ ಎಂದರೆ
ಬಾಗಿಲೇ ತೆಗೆದಿಲ್ಲ.

ವೆಲ್ಗಾ ಬರೆದುಕೊಂಡಳು.
ಅವಳ ನುಡಿಯಲ್ಲಿ ಅದು ಒಂದೇ ಪದ, ನೆತಿತ್ಸು,
ಹಲ್ಲಿನ ನಡುವೆ ದಾರ ಕಡಿದ ಸದ್ದು.

ಎಲ್ಲರೂ ಮೆಟ್ಟಿಲಿಳಿದ ಮೇಲೆ ಒಂದು ಹಾಳೆ ತಂದಳು,
ವಿಮಾ ಕಂಪನಿಗೆ, ಐದನೆಯ ಕರಡು.
ನವೆಂಬರಿನಲ್ಲಿ ಹೋದ ದೋಣಿ.
ಮೂವರಲ್ಲಿ ಇಬ್ಬರು ಸಿಕ್ಕರು.
ಐವಾರ್ಸ್‌ನದು ಒಂದು ಲೈಫ್ ಜಾಕೆಟ್ಟು, ಬಕಲ್ ಬಿಚ್ಚಿದ್ದು.
ಬಿಚ್ಚಿದ್ದೋ, ಹಾಕಿಕೊಂಡೇ ಇರಲಿಲ್ಲವೋ.
'ನನ್ನ ಗಂಡ ತೀರಿಕೊಂಡಿದ್ದಾನೆ ಎಂದು ಐ ಡೋಂಟ್ ಬಿಲೀವ್.'

ನನ್ನ ಕೆಂಪು ಪೆನ್ನು ಮುದಿ ನಾಯಿ,
ಕರೆಯುವ ಮೊದಲೇ ಎದ್ದು ಬರುತ್ತದೆ.
ಡೋಂಟ್ ಹೊಡೆದು ಕಾಂಟ್ ಬರೆದೆ.
ಅಂಚಿನಲ್ಲಿ ಸಣ್ಣಕ್ಷರದಲ್ಲಿ: ದುಃಖಕ್ಕೆ ಇದು ರೂಢಿ.

ಅವಳು ಬಹಳ ಹೊತ್ತು ನೋಡಿದಳು.
ನನ್ನ ಕೈಯಿಂದಲೇ ಪೆನ್ನು ತೆಗೆದುಕೊಂಡು
ಕಾಂಟ್ ಹೊಡೆದಳು, ಡೋಂಟ್ ಬರೆದಳು,
ನನಗಿಂತ ದುಂಡಗೆ.
'ಪಾಠ ಅರ್ಥವಾಗಿದೆ, ಟೀಚರ್,' ಅಂದಳು.

ಹೀಗೆ ಬರೆದರೆ ಹಣ ಬರುವುದಿಲ್ಲ, ವೆಲ್ಗಾ.
ಬಾಡಿಗೆ ಇದೆ, ಹುಡುಗಿಯ ಸ್ಕೂಲಿದೆ.
ಒಂದು ದಿನ ನೀನೇ ಒಪ್ಪಬೇಕಾಗುತ್ತದೆ ಎಂದೆ,
ಎನ್ನಬಾರದಿತ್ತು.

'ಆಯ್, ರೈಟ್.'

ತಲೆಯೆತ್ತಿ ಹುಬ್ಬು ನೋಡಿದೆ.
ಟ್ಯೂಬ್‌ಲೈಟು ಮಿಣುಕುತ್ತಿತ್ತು, ಕೆಳಗೆ ಯಂತ್ರ
ಒಂದು ಗಾಡಿ ಐಸನ್ನು ಯಾವುದೋ ದೋಣಿಗೆ ಸುರಿಯುತ್ತಿತ್ತು.
ತಿಳಿಯಲಿಲ್ಲ.

ಮೂರನೆಯ ಸಾಲಿನಲ್ಲಿ ಒಂದು ಕಾಗುಣಿತ ತಿದ್ದಿ
ಹಾಳೆ ವಾಪಸು ಕೊಟ್ಟೆ.
'ಈಸ್' ಹಾಗೇ ಬಿಟ್ಟೆ, ಎಲ್ಲ ಕಡೆ:
ಅವನಿಗೆ ನಲವತ್ತನಾಲ್ಕು ವರ್ಷ,
ಅವನು ಈಜು ಬಲ್ಲ,
ಅವನ ಎಡಗಿವಿಯ ಹಿಂದೆ ಒಂದು ಮಚ್ಚೆಯಿದೆ.